ಹುಸೇನ್ ಎಂದು ಕೇಳಿಸಿದ್ದು

ಹುಸೇನಪ್ಪ ದೇವದುರ್ಗದ ಕಡೆಯ ಕುರುಬರವನು. ಅವನ ತಾಯಿಗೆ ಹುಟ್ಟಿದ ಮಕ್ಕಳು ಉಳಿಯುತ್ತಿರಲಿಲ್ಲವಂತೆ. ಮೊಹರಂನಲ್ಲಿ ಪೀರಲ ದೇವರಿಗೆ ಹರಕೆ ಹೊತ್ತಳು, ಉಳಿದ ಮಗನಿಗೆ ಆ ದೇವರ ಹೆಸರಿಟ್ಟಳು. ನಮ್ಮ ಕಡೆ ಇದರಲ್ಲಿ ಯಾರಿಗೂ ವಿಶೇಷ ಕಾಣುವುದಿಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತ ನಾನು ಹಾಜರಿ ಕೂಗಿದ ಹುಸೇನಪ್ಪ, ಲಾಲಪ್ಪ, ಯಮನೂರಪ್ಪಗಳಿಗೆ ಲೆಕ್ಕವಿಲ್ಲ. ಎಲ್ಲರೂ ಹಣೆಗೆ ದೇವರ ಅರಿಸಿನದ ಭಂಡಾರ ಹಚ್ಚಿಕೊಂಡೇ ಬರುತ್ತಿದ್ದರು. ಆದರೆ ಈ ಜನವರಿಯಲ್ಲಿ ಆ ಹೆಸರೇ ಅವನ ಜೀವಕ್ಕೆ ಕುತ್ತಾಯಿತು. ಅವನು ಮುಸಲ್ಮಾನನೇ ಆಗಿದ್ದರೂ ಆ ಸಂಜೆ ನಡೆದದ್ದು ಸರಿಯಾಗುತ್ತಿರಲಿಲ್ಲ. ಇದನ್ನು ಬೇರೆ ಬಾಯಿಬಿಟ್ಟು ಹೇಳಬೇಕೇ ಎಂದರೆ, ಈಗಿನ ಕಾಲದಲ್ಲಿ ಹೇಳಬೇಕು, ಅದಕ್ಕೇ ಹೇಳಿದೆ.

ಅವನು ಕೆಲಸಕ್ಕಿದ್ದದ್ದು ನಮ್ಮ ಓಣಿಯ ಕೊನೆಯ ಮನೆಯಲ್ಲಿ, ಹಿಲ್ಡಮ್ಮನ ಹತ್ತಿರ. ಊರಿಗೆಲ್ಲ ಆಕೆ ಜರ್ಮನಮ್ಮ. ಅರವತ್ತರ ದಶಕದಲ್ಲಿ ಒಂದು ಮಿಶನ್ ಆಸ್ಪತ್ರೆಗೆ ನರ್ಸಾಗಿ ಬಂದಳು. ಆ ಆಸ್ಪತ್ರೆ ಮುಚ್ಚಿತು, ಜೊತೆಯವರೆಲ್ಲ ತಮ್ಮ ದೇಶಕ್ಕೆ ಹೊರಟುಹೋದರು, ಈಕೆ ಮಾತ್ರ ಹೋಗಲಿಲ್ಲ. ಸಿರವಾರದಿಂದ ದೇವದುರ್ಗದ ತನಕ ಮೊದಲು ಸೈಕಲ್ ಮೇಲೆ, ಆಮೇಲೆ ಲೂನಾ ಮೇಲೆ ತಿರುಗಿ ಹೆರಿಗೆ ಮಾಡಿಸಿದಳು. ಮದುವೆಯಾಗಲಿಲ್ಲ. ಇಲ್ಲಿನ ಕನ್ನಡವನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದಳು, ನನ್ನದು ಪುಸ್ತಕದ ಕನ್ನಡ ಎಂದು ಅಣಕಿಸುತ್ತಿದ್ದಳು. ನಾನು ಅಹಲ್ಯಾಬಾಯಿ, ಆಕೆಗೆ ಬರೀ 'ಬಾಯಿ', ವೈಷ್ಣವರ ಮನೆಯವಳು. ಆಕೆಯ ಮನೆಗೆ ಕಾಫಿಗೆ ಹೋಗುವಾಗ ನನ್ನ ಲೋಟ ನಾನೇ ಒಯ್ಯುತ್ತಿದ್ದೆ. ಆಕೆ ಅದನ್ನು ನೋಡಿ ನಗುತ್ತಿದ್ದಳೇ ಹೊರತು ಒಂದು ದಿನವೂ ಮುಖ ಕೆಡಿಸಿಕೊಳ್ಳಲಿಲ್ಲ.

ಉಕ್ರೇನಿನಲ್ಲಿ ಯುದ್ಧ ಶುರುವಾದ ವರ್ಷ ಇಬ್ಬರೂ ಟೀವಿ ನೋಡುತ್ತ ಕೂತಿದ್ದೆವು. ಟ್ಯಾಂಕುಗಳು ಹೋಗುತ್ತಿದ್ದವು. ಹಿಲ್ಡಮ್ಮ ಕಾಫಿಯ ಬಸಿ ಹಿಡಿದ ಕೈಯಿಂದಲೇ ಅವನ್ನು ತೋರಿಸಿದಳು.

"ನೋಡ್ರಿ ಬಾಯಿ, ಮತ್ತ ಹೊಂಟಾರ."

"ಯಾರು?"

"ರಷ್ಯಾದವರು. ಅವರು ಯುರೋಪಿನವರಲ್ಲ. ಅದು ಏಷ್ಯಾ. ಏಷ್ಯಾ ಒಳಗ ನುಗ್ಗಾಕತ್ತದ."

ನನಗೆ ನಗು ತಡೆಯಲಿಲ್ಲ. "ಅಲ್ರೀ ಹಿಲ್ಡಮ್ಮ, ನೀವು ಕುಂತದ್ದು ಎಲ್ಲಿ? ಮಾನ್ವಿ ಏನ್ ಫ್ರಾನ್ಸಿನಾಗ ಅದ? ನಾನೂ ಏಷ್ಯಾದಕೀನೇ. ಅಲ್ಲಿ ಹಾಲು ಕಾಸಾಕತ್ತಾನಲ್ಲ ಹುಸೇನಪ್ಪ, ಅವನೂ ಏಷ್ಯಾದವನೇ."

"ನೀವು ಬ್ಯಾರೆ ಬಿಡ್ರಿ," ಎಂದಳು, ಟೀವಿಯಿಂದ ಕಣ್ಣು ತೆಗೆಯದೆ.

ಈ 'ಬ್ಯಾರೆ' ನನಗೆ ಚೆನ್ನಾಗಿ ಗೊತ್ತು. ನಮ್ಮತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಕೆಲಸದ ದುರುಗಮ್ಮನಿಗೆ ಹೇಳುತ್ತಿದ್ದರು: ನಿಮ್ಮ ಮಂದಿ ಬ್ಯಾರೆ, ನೀ ಬ್ಯಾರೆ ಬಿಡವಾ. ಹಾಗೆ ಹೇಳಿದ ಮೇಲೂ ದುರುಗಮ್ಮ ಹೊಸ್ತಿಲು ದಾಟುವಂತಿರಲಿಲ್ಲ.

ಅವತ್ತು ಹಿಲ್ಡಮ್ಮ ಮೊದಲ ಸಲ ತನ್ನ ಊರಿನ ಮಾತು ತೆಗೆದಳು. ಜರ್ಮನಿಯ ಪೂರ್ವದ ಅಂಚಿನಲ್ಲಿ, ಈಗ ಜರ್ಮನಿಯಲ್ಲಿಯೇ ಇಲ್ಲದ ಒಂದು ಹಳ್ಳಿ. ಆಕೆಯ ಅಜ್ಜಿಯ ಕಾಲದಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ, ರಷ್ಯಾದವರು ಒಮ್ಮೆ ಬಂದು ಹೋಗಿದ್ದರು. ಅಜ್ಜಿ ಅದನ್ನು ಹೇಳಿ ಹೇಳಿ ಮಕ್ಕಳನ್ನು ಮಲಗಿಸುತ್ತಿದ್ದಳು. ಶಾಲೆಯ ಗೋಡೆಗೆ ಒಂದು ಚಿತ್ರ ಅಂಟಿಸಿದ್ದರು: ಕಪ್ಪು ಮುಖ, ಸೀಳುಗಣ್ಣು, ತಲೆಯ ಮೇಲೆ ತುಪ್ಪಳದ ಟೋಪಿ, ಕೈಯಲ್ಲಿ ಚೂರಿ. ಇವರು ಅರ್ಧ ಮನುಷ್ಯರು, ಇವರಿಂದ ಯುರೋಪನ್ನು ಕಾಯುವವರು ನಾವು ಎಂದು ಮಾಸ್ತರು ಪಾಠ ಹೇಳುತ್ತಿದ್ದರು.

"ನಮ್ಮ ವಾರಿಗಿ ಹುಡುಗರು ಒಬ್ರೂ ರಷ್ಯಾದವರ ಮಖಾನ ನೋಡಿರಲಿಲ್ಲ ಬಾಯಿ," ಎಂದಳು. "ಅಂಜಿಕಿ ಮೊದಲ ಬಂತು. ಅವರು ಆಮ್ಯಾಲೆ ಬಂದ್ರು."

ಇತಿಹಾಸದ ಟೀಚರಿಗೆ ಸುಮ್ಮನಿರುವುದು ಬರುವುದಿಲ್ಲ. "ಅದಕ್ಕೂ ಮೊದಲ ನಿಮ್ಮವರು ಅಲ್ಲಿಗೆ ಹೋಗಿ ಮಾಡಿದ್ದು ಕಡಿಮಿ ಅದ ಏನ್ರಿ? ಊರಿಗೆ ಊರ ಸುಟ್ರು. ಸೆರೆ ಸಿಕ್ಕ ಲಕ್ಷಗಟ್ಟಲೆ ಮಂದಿನ್ನ ಉಪವಾಸ ಕೆಡವಿ ಕೊಂದ್ರು."

ಹಿಲ್ಡಮ್ಮ ಟೀವಿಯ ಸದ್ದು ಕಡಿಮೆ ಮಾಡಿದಳು. "ನಮ್ಮಪ್ಪ ಅಲ್ಲೇ ಇದ್ದ. ರಜಾಕ್ಕ ಬಂದಾಗ ನಮ್ಮವ್ವಗ ಅಡಗಿಮನ್ಯಾಗ ಏನೋ ಹೇಳಿದ. ಅವ್ವ ಅವತ್ತೇ ಬೆಳ್ಳಿ ಸಾಮಾನೆಲ್ಲಾ ತೋಟದಾಗ ಹುಗುದ್ಲು." ಬಸಿ ಕೆಳಗಿಟ್ಟಳು. "ಮಾಡಿದ್ದು ಗೊತ್ತಿದ್ದವರಿಗೆ ಅಂಜಿಕಿ ಜಾಸ್ತಿ, ಬಾಯಿ."

ಆಮೇಲೆ ರಷ್ಯಾದವರು ಬಂದದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಒಂದು ಜನವರಿಯಲ್ಲಿ. ಹಿಮ ಬೀಳುತ್ತಿತ್ತು. ಊರಿಗೆ ಊರೇ ಗಾಡಿ ಕಟ್ಟಿ, ಹೆಪ್ಪುಗಟ್ಟಿದ ಹಿನ್ನೀರಿನ ಮೇಲೆ ಓಡಿತು. ಹಿಲ್ಡಮ್ಮನಿಗೆ ಆಗ ಏಳು ವರ್ಷ. ಮಂಜುಗಡ್ಡೆ ಒಡೆದು ಮುಂದಿನ ಗಾಡಿ ಕುದುರೆಗಳ ಸಮೇತ ಮುಳುಗಿತು. ಅದರಲ್ಲಿ ಆಕೆಯ ಅಜ್ಜನಿದ್ದ.

ಇದಾದ ಮೇಲೆ ಆ ವಿಷಯ ಆಕೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮರು ವರ್ಷದಿಂದ ಆಕೆಗೆ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ಊಟ ಮಾಡಿದ್ದು ಮರೆಯಿತು, ಹೋದ ದೀಪಾವಳಿಯ ಹೊತ್ತಿಗೆ ಕನ್ನಡವೇ ಹೋಗತೊಡಗಿತು. ಬೆಳಿಗ್ಗೆ ಕನ್ನಡವಿರುತ್ತಿತ್ತು, ಸಂಜೆ ದೀಪ ಹಚ್ಚುವ ಹೊತ್ತಿಗೆ ಬರೀ ಜರ್ಮನ್. ಹುಸೇನಪ್ಪ ಮೂವತ್ತು ವರ್ಷದಿಂದ ಆ ಮನೆಯವನು. ಹಾಲು ಕಾಸಿ ಕುಡಿಸುವುದು, ಎತ್ತಿ ಕೂರಿಸುವುದು, ಅಂಗಳದ ಬಿಸಿಲಿಗೆ ತರುವುದು ಎಲ್ಲ ಅವನೇ. ಮೈ ತೊಳೆಸಲು ಮಾತ್ರ ಸಿರವಾರದಿಂದ ಚಂದ್ರಕಲಾ ಎಂಬ ಹುಡುಗಿಯನ್ನು ಜನವರಿಯ ಮೊದಲಲ್ಲಿ ನಾನೇ ಗೊತ್ತುಮಾಡಿದೆ.

ಸಂಕ್ರಾಂತಿ ಮುಗಿದಿತ್ತು, ಚಳಿ ಕಚ್ಚುತ್ತಿತ್ತು. ಚಂದ್ರಕಲಾ ನನ್ನ ಮನೆಗೆ ಓಡಿ ಬಂದಳು, ಬಂದವಳೇ ಅತ್ತಳು.

"ಟೀಚರ್, ನನಗ ಅಲ್ಲಿ ಇರಾಕ ಅಂಜಿಕಿ ಬರ್ತದ್ರಿ. ದಿನಾ ಸಂಜಿಕ ಆ ಅಮ್ಮ ಚೀರ್ತಾಳ. ಹುಸೇನ್ ಕೊಂದಾನ, ಹುಸೇನ್ ಕೊಂದಾನ ಅಂತಾಳ್ರಿ. ಕೈ ಮ್ಯಾಲೆಲ್ಲಾ ಬಾವು ಬಂದು ನೀಲಿಗಟ್ಟ್ಯಾವ."

"ಹುಚ್ಚಿ, ಹುಸೇನಪ್ಪ ಇರುವಿ ತುಳಿಯೋನಲ್ಲ," ಎಂದು ಬೈದೆ. ಆದರೂ ಅವತ್ತು ಸಂಜೆ ನಾನೇ ಹೋಗಿ ಕೂತೆ.

ಹಿಲ್ಡಮ್ಮ ಮಂಚದ ಮೇಲೆ ಸುಮ್ಮನಿದ್ದಳು. ಹೊರಗೆ ಗೇಟು ಸದ್ದಾಯಿತು. ಹುಸೇನಪ್ಪ ಕಂಬಳಿಯನ್ನು ತಲೆ ಮುಚ್ಚುವಂತೆ ಕೊಪ್ಪೆ ಹಾಕಿಕೊಂಡು ಹಾಲಿನ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತ. ಅವನನ್ನು ನೋಡಿದ್ದೇ ತಡ, ಆ ಮುದುಕಿ ಮಂಚದಿಂದ ಜಾರಿ ಕೆಳಗಿನ ಸಂದಿಯಲ್ಲಿ ತೂರಿಕೊಂಡಳು. ಎಂಬತ್ತೇಳರ ಆ ಮೈಯಲ್ಲಿ ಅಷ್ಟು ಕಸುವು ಎಲ್ಲಿತ್ತೋ. ಅಲ್ಲಿಂದಲೇ ಚೀರಿದಳು. ಕಿವಿಗೊಟ್ಟು ಕೇಳಿದೆ. ನನಗೂ ಅದೇ ಕೇಳಿಸಿತು: ಹುಸೇನ್ ಕೊಂದಾನ.

ಹುಸೇನಪ್ಪ ಬಾಗಿಲಲ್ಲೇ ನಿಂತಿದ್ದ. "ಹಿಂಗ ಮಾಡ್ತಾಳ್ರಿ ಯವ್ವ," ಎಂದ. "ನಾ ಏನ್ ಮಾಡೀನಿ ಅಂತ ತಿಳಿವಲ್ದು." ಅವನ ಮುಖವನ್ನು ಅವತ್ತು ಮೊದಲ ಸಲ ಸಂಶಯದಿಂದ ನೋಡಿದೆ. ಸಂಶಯ ಬಂದ ಮೇಲೆ ಎಂಥ ಮುಖವೂ ಕೆಟ್ಟದ್ದಾಗಿಯೇ ಕಾಣುತ್ತದೆ.

ಚಂದ್ರಕಲಾ ಆ ಚೀರಾಟವನ್ನು ಫೋನಿನಲ್ಲಿ ವಿಡಿಯೋ ಹಿಡಿದಿದ್ದಳು. ಏನು ಮಾಡಲಿ ಎಂದು ಕೇಳಲು ಅಕ್ಕನಿಗೆ ಕಳಿಸಿದಳಂತೆ. ಅಕ್ಕ ಗಂಡನಿಗೆ ಕಳಿಸಿದಳು, ಗಂಡ ತನ್ನ ಗೆಳೆಯರಿಗೆ. ಮರುದಿನ ಮಧ್ಯಾಹ್ನದೊಳಗೆ ಅದು ರಾಯಚೂರು ಮುಟ್ಟಿ, ದೇವದುರ್ಗ ಮುಟ್ಟಿ, ಮಾನ್ವಿಗೆ ತಿರುಗಿ ಬಂದಿತ್ತು. ಬರುವಾಗ ಮೇಲೊಂದು ಬರಹ ಅಂಟಿಸಿಕೊಂಡಿತ್ತು: ನಮ್ಮ ಜರ್ಮನಮ್ಮನಿಗೆ ಹುಸೇನ್ ಎಂಬುವನಿಂದ ಚಿತ್ರಹಿಂಸೆ.

ಸಂಜೆ ನಾನು ಹಿಲ್ಡಮ್ಮನ ಮನೆಯಲ್ಲಿದ್ದೆ. ಮೊದಲು ಬಂದವರು ಓಣಿಯವರೇ, ಪ್ರಭುರಾಜ ಮುಂದೆ. ಅಕ್ಕಿ ಮಂಡಿಯ ಹುಡುಗ, ಕೆಟ್ಟವನಲ್ಲ, ನನ್ನ ಹತ್ತಿರ ಓದಿದವನು. ಅವನ ಕಣ್ಣಲ್ಲಿ ನೀರಿತ್ತು. ಅವರ ಹಿಂದೆ ಬೈಕುಗಳು ಬಂದವು. ಅವುಗಳ ಮೇಲಿದ್ದವರು ನಮ್ಮ ಊರಿನವರಲ್ಲ. ಮಂಕಿ ಕ್ಯಾಪು, ಮುಖಕ್ಕೆ ಸುತ್ತಿದ ಮಫ್ಲರು. ಎದುರು ಮನೆಯ ಸುಗ್ರಾ ಬೇಗಂ ತನ್ನ ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದ್ದು ಕಂಡಿತು. ಅಗುಳಿ ಬಿದ್ದ ಸದ್ದು ನನಗೆ ಇಲ್ಲಿಗೆ ಕೇಳಿಸಿತು. ನನ್ನ ಫೋನು ಮನೆಯಲ್ಲಿ ಚಾರ್ಜಿಗಿತ್ತು. ಹೋಗಿ ತರೋಣವೆಂದರೆ ಗೇಟಿನ ತುಂಬ ಮಂದಿ.

"ಹುಸೇನ್ ಎಲ್ಲಿ?"

ಹುಸೇನಪ್ಪ ಹಿತ್ತಲಿಂದ ಕೈ ಒರೆಸಿಕೊಳ್ಳುತ್ತ ತಾನೇ ಬಂದ. "ನಾನ್ರೀ," ಎಂದ.

ಮಫ್ಲರಿನವನು ಅವನನ್ನು ಮೇಲಿಂದ ಕೆಳಗೆ ನೋಡಿದ. "ಹೆಸರು ಹುಸೇನ್, ಹಣಿಗೆ ಭಂಡಾರ! ಏನ್ ವೇಷಲೇ ಇದು?"

"ವೇಷ ಅಲ್ರೀ. ನಾವು ಕುರುಬರು."

ಅದಕ್ಕೆ ಕಪಾಳಕ್ಕೆ ಬಿತ್ತು. ಹುಟ್ಟಿದಾಗಿನಿಂದ ಇದ್ದ ಹಾಗೇ ಇದ್ದವನನ್ನು ವೇಷಗಾರ ಅಂದರೆ ಅವನು ಏನು ಬಿಚ್ಚಿ ತೋರಿಸಬೇಕು? "ಏ, ಅವ ನಮ್ಮವನೇ ಅದಾನ, ದೇವದುರ್ಗದವ," ಎಂದ ಓಣಿಯವನೊಬ್ಬ. "ನಮ್ಮವನಾದ್ರ ಮುದುಕೀನ ಹೊಡೀಬೇಕೇನಲೇ?" ಎಂದ ಇನ್ನೊಬ್ಬ. ನಾನು ನಡುವೆ ಹೋಗಿ ನಿಂತೆ. ಯಾರೋ ನನ್ನನ್ನು ತೋಳು ಹಿಡಿದು, ಬಹಳ ಮರ್ಯಾದೆಯಿಂದ, "ನೀವು ಸರೀರಿ ಟೀಚರ್," ಎಂದು ಬದಿಗಿಟ್ಟರು. ಆ ಮರ್ಯಾದೆಗೆ ನನಗೆ ಜೀವ ಹೋದಂತಾಯಿತು. ಇವರು ಇವತ್ತು ಇವನನ್ನು ಕೊಂದೇ ಬಿಡುತ್ತಾರೆ, ಕೊಂದು ನನಗೆ ನಮಸ್ಕಾರ ಮಾಡಿ ಹೋಗುತ್ತಾರೆ ಅನ್ನಿಸಿತು.

ಪ್ರಭುರಾಜ ಕೈ ಎತ್ತಿದ. "ತಡೀರಿ. ಅಮ್ಮನ್ನ ಕೇಳೋಣು. ಅಕಿ ಹೌದಂದ್ರ ಆಮ್ಯಾಲೆ ನೋಡೋಣು."

ಹುಸೇನಪ್ಪನನ್ನು ಎರಡೂ ತೋಳು ತಿರುವಿ ಒಳಗೆ ತಂದರು. ಕಂಬಳಿ ಕೊರಳಿಗೆ ಸುತ್ತಿಕೊಂಡಿತ್ತು, ತುಟಿ ಒಡೆದಿತ್ತು. ಹಿಲ್ಡಮ್ಮ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ಪ್ರಭುರಾಜ ಮೊಣಕಾಲೂರಿ ಮೆತ್ತಗೆ ಕೇಳಿದ, "ಅಮ್ಮಾ, ಇವನೇನು?"

ಹಿಲ್ಡಮ್ಮ ಹುಸೇನಪ್ಪನನ್ನು ನೋಡಿದಳು. ಕೈ ಎತ್ತಿ, ಬೆರಳು ಅವನ ಕಡೆಗೇ ಚಾಚಿ ಚೀರಿದಳು. ಈ ಸಲ ಚೀರಿದ್ದು 'ಹುಸೇನ್' ಅಲ್ಲ. 'ಹುಸ್ಸೆ'.

ಹಿಂದಿನಿಂದ ಯಾರೋ ಹುಸೇನಪ್ಪನ ಬೆನ್ನಿಗೆ ಒದ್ದರು. ಅವನು ಬಿದ್ದ. ಗದ್ದಲ ಎದ್ದಿತು. ಹೆಸರು ಕೂಗುವವಳು ಬೆರಳು ತೋರಿಸುವಾಗ ಯಾಕೆ ಹೆಸರಿನ ಕೊನೆ ನುಂಗಿದಳು? ನನ್ನ ತಲೆಯಲ್ಲಿ ಅದೊಂದೇ ಸುತ್ತುತ್ತಿತ್ತು. ನನ್ನ ತಂದೆ ನಿಜಾಮನ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು. ಸಾಯುವ ತನಕ ಅವರ ಬಾಯಲ್ಲಿ ರಷ್ಯಾ ಎಂದು ಬರಲಿಲ್ಲ. ಅವರಿಗೆ ಅದು ರೂಸ್. ರೂಸಿನಲ್ಲಿ ಹೀಗಂತೆ, ರೂಸಿನವರು ಹಾಗಂತೆ. ರೂಸ್, ರುಸ್ಸೆ. ಬಹಳ ಮಂದಿ ಇದ್ದರೆ ರುಸ್ಸೆನ್. ನನ್ನನ್ನು ಕಾಫಿಗೆ ಕರೆಯುವಾಗ ಆಕೆ ಅನ್ನುತ್ತಿದ್ದ 'ಕೊಮ್ಮೆನ್' ಎಂದರೆ ಬರುವುದು: ರುಸ್ಸೆನ್ ಕೊಮ್ಮೆನ್, ಹುಸೇನ್ ಕೊಂದಾನ. ಜರ್ಮನ್ ಆಡುವಾಗ ಆಕೆಯ 'ರ' ಗಂಟಲಿನಲ್ಲೇ ಹುಟ್ಟಿ 'ಹ'ದ ಹಾಗೆ ಕೇಳುತ್ತಿತ್ತು. ಬಾಯಲ್ಲಿ ಹಲ್ಲೂ ಇಲ್ಲ.

"ಅಕಿ ಹುಸೇನ್ ಅನ್ನವಲ್ಲಳು!" ಎಂದು ಕಿರುಚಿದೆ. "ರಷ್ಯಾದವ ಅನ್ನಾಕತ್ತಾಳ! ಬಿಡ್ರೋ ಅವನ್ನ! ಅಕೀಗೆ ಅವ ರಷ್ಯಾದವನಂಗ ಕಾಣಾಕತ್ತಾನ!"

ಯಾರೂ ಕೇಳಲಿಲ್ಲ. ಕೇಳಿದವರಿಗೂ ತಿಳಿಯಲಿಲ್ಲ, ರಷ್ಯಾ ಎಲ್ಲಿ, ಮಾನ್ವಿ ಎಲ್ಲಿ. ನಾನು ಮಂಚದ ಮೇಲೆ ಹತ್ತಿ ಹಿಲ್ಡಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆ. ನಾವಿಬ್ಬರೂ ಕೂಡಿ ನೋಡಿದ ಮಾನ್ವಿಯ ದಿನಗಳಲ್ಲಿ ಒಂದಾದರೂ ಆ ತಲೆಯೊಳಗೆ ಉಳಿದಿರಲಿ ಎಂದು ರಾಯರನ್ನು ಬೇಡಿಕೊಂಡೆ.

"ಹಿಲ್ಡಮ್ಮ, ನಾ ಅಹಲ್ಯಾಬಾಯಿ. ಕನ್ನಡದಾಗ ಹೇಳ್ರಿ. ಯಾರು ಬಂದಾರ?"

ಆಕೆ ನನ್ನನ್ನು ಬಹಳ ದೂರದಿಂದ ನೋಡಿದಳು. ತುಟಿ ಅಲುಗಿತು. ಆಮೇಲೆ ಸಣ್ಣ ಹುಡುಗಿಯ ಧ್ವನಿಯಲ್ಲಿ, ಆದರೆ ಮಾನ್ವಿಯ ಕನ್ನಡದಲ್ಲೇ ಹೇಳಿದಳು.

"ರಷ್ಯಾದವರು ಬಂದಾರ ಬಾಯಿ. ಬಾಗಲಾ ಹಾಕ್ರಿ. ನಮ್ಮಜ್ಜನ್ನ ಕರೀರಿ, ಕುದುರಿ ನೀರಾಗ ಮುಳುಗಾಕತ್ತಾವ."

ಚಂದ್ರಕಲಾ ಮೂಲೆಯಿಂದ ಅಳುತ್ತಲೇ ಒಪ್ಪಿಕೊಂಡಳು: ಮಂಚದ ಕೆಳಗೆ ತೂರಿಕೊಂಡವಳನ್ನು ದಿನಾ ಕೈ ಹಿಡಿದು ಎಳೆಯುತ್ತಿದ್ದವಳು ತಾನೇ, ಆ ಬಾವು ಅದರದೇ ಇರಬೇಕು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹುಸೇನಪ್ಪನ ತೋಳು ಹಿಡಿದವರ ಹಿಡಿತ ಸಡಿಲವಾಯಿತು.

ಆಗ ಹಿಲ್ಡಮ್ಮ ಬಾಗಿಲ ಕಡೆ ನೋಡಿದಳು. ಮಂಕಿ ಕ್ಯಾಪು, ಮಫ್ಲರು, ಕತ್ತಲಲ್ಲಿ ಒಂದರ ಹಿಂದೊಂದು ಮುಖ. ಮೊಣಕಾಲೂರಿ ಕೂತಿದ್ದ ಪ್ರಭುರಾಜನ ಮುಖ ಎಲ್ಲಕ್ಕಿಂತ ಹತ್ತಿರ.

"ಎಷ್ಟು ಮಂದಿ ಬಂದಾರ!" ಎಂದಳು. "ಬಾಯಿ, ಎಷ್ಟು ಮಂದಿ ಬಂದಾರ!"

ಆಮೇಲೆ ಚೀರಿದ್ದನ್ನು ನಾನು ಬರೆಯಲಾರೆ. ಪ್ರಭುರಾಜ ಹಿಂದಕ್ಕೆ ಬಿದ್ದು ಎದ್ದ. "ಅಮ್ಮಾ, ನಾನು, ನಾನು..." ಎಂದ. ಅವನು ಮಾತಾಡಿದಷ್ಟೂ ಆಕೆ ಗೋಡೆಯೊಳಗೆ ಹೋಗುವವಳಂತೆ ಒತ್ತಿಕೊಂಡಳು. ಒಬ್ಬೊಬ್ಬರೇ ಹೊರಗೆ ಸರಿದರು. ಬೈಕುಗಳು ಹೋದವು. ಯಾರೂ ಹುಸೇನಪ್ಪನ ಮುಖ ನೋಡಲಿಲ್ಲ.

ಅವನು ನಳದ ಹತ್ತಿರ ಕೂತು ಬಾಯಿ ತೊಳೆದುಕೊಳ್ಳುತ್ತಿದ್ದ. ನಾನು ಎದುರು ಕಟ್ಟೆಯ ಮೇಲೆ ಕೂತೆ. ನನಗೆ ತಿಳಿದದ್ದನ್ನೆಲ್ಲ ಹೇಳಿದೆ: ಆಕೆಯ ಊರು, ಮಂಜುಗಡ್ಡೆ, ಅಜ್ಜ, ಶಾಲೆಯ ಗೋಡೆಯ ಚಿತ್ರ. ಅವನು ನಡುವೆ ಬಾಯಿ ಹಾಕದೆ ಕೇಳಿದ.

"ಕಂಬಳಿ ಕೊಪ್ಪಿ ನೋಡಿ ಹಂಗ ಮಾಡ್ಯಾಳ ಬಿಡ್ರಿ," ಎಂದ ಕೊನೆಗೆ. "ಟೊಪಗಿ ಅನ್ಕೊಂಡಾಳ. ನಾಳಿಂದ ಹೊದ್ದು ಬರಂಗಿಲ್ಲ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ದೇವದುರ್ಗದಿಂದ ಮಗ. ಸಂತೆಯಲ್ಲಿ ಯಾರೋ ವಿಡಿಯೋ ತೋರಿಸಿ, ಇದು ನಿಮ್ಮಪ್ಪನೇ ಅಲ್ಲವೇ ಎಂದು ಕೇಳಿದರಂತೆ. ಸದ್ಯಕ್ಕೆ ಊರ ಕಡೆ ಬರಬೇಡ ಎಂದ. ಇವತ್ತು ಆಕೆ ಕನ್ನಡದಲ್ಲಿ ಹೇಳಿದ್ದನ್ನು ಯಾರೂ ಫೋನಿನಲ್ಲಿ ಹಿಡಿದಿರಲಿಲ್ಲ. ಅಷ್ಟು ಕೈಗಳಲ್ಲಿ ಅಷ್ಟು ಫೋನುಗಳಿದ್ದವು.

ಮರುದಿನ ಸಂಜೆ ಅವನು ಗೇಟಿನ ಹೊರಗೇ ಕಂಬಳಿ ಕಳಚಿಟ್ಟು, ಬರೀ ಅಂಗಿಯಲ್ಲಿ ನಡುಗುತ್ತ ಹಾಲು ತಂದ. ಹಿಲ್ಡಮ್ಮ ಚೀರಿದಳು. ಅದರ ಮರುದಿನ ತಲೆಯ ರುಮಾಲು ತೆಗೆದು ಬಂದ. ಮೂರನೆಯ ದಿನ ಅವನನ್ನು ನೋಡಿ ನನಗೆ ಗುರುತು ಹತ್ತಲಿಲ್ಲ. ಮೀಸೆ ಬೋಳಿಸಿದ್ದ, ಹಣೆಯ ಭಂಡಾರವನ್ನೂ ಒರೆಸಿಕೊಂಡಿದ್ದ. ಅವನ ತಾಯಿ ಸತ್ತಾಗಲೂ ಅವನು ಭಂಡಾರ ಒರೆಸಿದ್ದನ್ನು ನಾನು ಕಂಡಿರಲಿಲ್ಲ. ಮೆಲ್ಲಗೆ ಬಾಗಿಲಿಗೆ ಬಂದು, "ಯವ್ವಾ, ನಾನು," ಎಂದ.

ಹಿಲ್ಡಮ್ಮ ದಿಟ್ಟಿಸಿ ನೋಡಿದಳು. ಒಂದು ಕ್ಷಣ ನನಗೆ ಆಸೆ ಹುಟ್ಟಿತು. ಆಮೇಲೆ ಆಕೆ ಮಂಚದಿಂದ ಜಾರಿ ಕೆಳಗೆ ತೂರಿಕೊಂಡಳು.

ಹುಸೇನಪ್ಪ ಹಾಲಿನ ಲೋಟವನ್ನು ಹೊಸ್ತಿಲ ಮೇಲಿಟ್ಟು ಹೊರಗೆ ಬಂದ. ನನ್ನ ಮುಂದೆ ನಿಂತು, ಬೋಳು ತುಟಿಯ ಮೇಲೆ ಬೆರಳಾಡಿಸಿದ.

"ಎಲ್ಲಾ ತಗದು ನೋಡಿದೆ ಟೀಚರ್," ಎಂದ. "ಇನ್ನ ಮಖ ಒಂದ ಉಳೀತ್ರಿ."